ಮೊದಲು ತಡೆದುಕೊಂಡದ್ದು ಆಮೇಲೆ ಏಕೆ ಒಡೆಯಿತು? ಟೈಟನ್ ಮತ್ತು ಆಳಸಮುದ್ರದ ಒತ್ತಡ

ಹನಿಲೆಕ್ಕ

2023ರ ಜೂನ್ 18ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ, ಮುಳುಗಿದ ಟೈಟಾನಿಕ್ ಹಡಗು ನೋಡಲು ಇಳಿಯುತ್ತಿದ್ದ ಸಣ್ಣ ಆಳಸಮುದ್ರ ನೌಕೆ ಟೈಟನ್ ಒಡೆದು ಒಳಗಿದ್ದ ಐದೂ ಜನ ತೀರಿಕೊಂಡರು. ಅದರ ಕೊನೆಯ ಸಂಕೇತ ಬಂದದ್ದು 3,346 ಮೀಟರ್ ಆಳದಿಂದ. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್‌ನಲ್ಲಿ. ಇದೇ ನೌಕೆ, ಇದೇ ಗೋಡೆ, 2021 ಮತ್ತು 2022ರಲ್ಲಿ ಹಲವು ಸಲ ಆ ತಳ ಮುಟ್ಟಿ ಬಂದಿತ್ತು. ಹೆಚ್ಚು ಒತ್ತಡ ತಡೆದುಕೊಂಡ ಗೋಡೆ ಅದಕ್ಕಿಂತ ಕಡಿಮೆ ಒತ್ತಡಕ್ಕೆ ಸೋತದ್ದು ಹೇಗೆ? ಮೊದಲು ಸಣ್ಣ ಸೋರಿಕೆ ಶುರುವಾಗಿ ಆಮೇಲೆ ಒಡೆಯಿತೇ? ಒಳಗಿದ್ದವರಿಗೆ ನೋವು ಗೊತ್ತಾಗಿರಬಹುದೇ? ಬಲ್ಲವರು ಲೆಕ್ಕ ಸಮೇತ ಬರೆಯಬೇಕಾಗಿ ಕೋರಿಕೆ.

ಕಡಲಾಳ

ಮೊದಲು ಒತ್ತಡದ ಅಳತೆ ಹಿಡಿಯೋಣ. ಪ್ರತಿ 10 ಮೀಟರ್ ಸಮುದ್ರದ ನೀರಿಗೆ ಸುಮಾರು ಒಂದು ವಾಯುಭಾರ ಕೂಡುತ್ತಾ ಹೋಗುತ್ತದೆ. 3,800 ಮೀಟರ್ ಅಂದರೆ ಜೋಗದ 253 ಮೀಟರ್ ಎತ್ತರವನ್ನು ಹದಿನೈದು ಸಲ ಒಂದರ ಮೇಲೊಂದು ನಿಲ್ಲಿಸಿದಷ್ಟು ನೀರಿನ ಕಂಬ. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 390 ಕಿಲೋ ಬೀಳುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಎರಡು ಬುಲೆಟ್ ಬೈಕ್ ನಿಲ್ಲಿಸಿದ ಹಾಗೆ. ಬರೀ 10 ಸೆಂಟಿಮೀಟರ್ ಅಡ್ಡಳತೆಯ ಕಿಂಡಿಯ ಮೇಲೆ 30 ಟನ್.

ಆದರೆ ಒತ್ತಡ ದೊಡ್ಡದು ಅನ್ನುವುದಷ್ಟೇ ಅಪಾಯವಲ್ಲ, ಒಳಗೂ ಹೊರಗೂ ಇರುವ ವ್ಯತ್ಯಾಸ ಅಪಾಯ. ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಡಿದು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಬಾಟಲಿ ಮಂಗಳೂರು ಮುಟ್ಟುವಷ್ಟರಲ್ಲಿ ಒಳಕ್ಕೆ ಚಪ್ಪಟೆಯಾಗಿರುತ್ತದಲ್ಲ, ಅಲ್ಲಿ ವ್ಯತ್ಯಾಸ ಒಂದು ವಾಯುಭಾರದ ಐದನೆಯ ಒಂದು ಪಾಲು ಮಾತ್ರ. ಅದೇ ಬಾಟಲಿಯ ಮುಚ್ಚಳ ತೆಗೆದು ನೀರು ತುಂಬಿ ಸಮುದ್ರದ ತಳಕ್ಕೆ ಬಿಟ್ಟರೂ ಏನೂ ಆಗುವುದಿಲ್ಲ. 1968ರ ಅಕ್ಟೋಬರಿನಲ್ಲಿ ಅಮೆರಿಕದ ಆಲ್ವಿನ್ ನೌಕೆ ಮೇಲ್ಬಾಗಿಲು ತೆರೆದಿದ್ದಾಗಲೇ ನೀರು ನುಗ್ಗಿ ಸುಮಾರು 1,500 ಮೀಟರ್ ಆಳಕ್ಕೆ ಮುಳುಗಿತು. ಹತ್ತಿರ ಹತ್ತು ತಿಂಗಳ ನಂತರ ಎತ್ತಿದಾಗ ಗೋಳ ಹಾಗೇ ಇತ್ತು, ಒಳಗೆ ಬಿಟ್ಟಿದ್ದ ಊಟವೂ ಗುರುತು ಸಿಗುವ ಹಾಗಿತ್ತು. ಒಳಗೂ ನೀರು, ಹೊರಗೂ ನೀರು. ಗೋಡೆಗೆ ಹೊರಬೇಕಾದ ಭಾರವೇ ಇರಲಿಲ್ಲ. ಮನುಷ್ಯ ಒಳಗೆ ಒಂದು ವಾಯುಭಾರದ ಗಾಳಿಯಲ್ಲಿ ಕೂರಬೇಕು ಅಂದಾಗ ಮಾತ್ರ ಆ ಪೂರ್ತಿ ಭಾರ ಗೋಡೆಯ ಪಾಲಿಗೆ ಬರುತ್ತದೆ.

ಲೋಹದ_ಕೆಲಸ

ಕಡಲಾಳ ಸರ್ ಹೇಳಿದ್ದಕ್ಕೆ ಗೋಡೆಯ ಲೆಕ್ಕ ಸೇರಿಸುತ್ತೇನೆ. ಆಕಾರದಿಂದಲೇ ಅರ್ಧ ಪಾಡು ತೀರ್ಮಾನವಾಗುತ್ತದೆ. ಒಂದೇ ದಪ್ಪ, ಒಂದೇ ತ್ರಿಜ್ಯ ಇಟ್ಟುಕೊಂಡರೆ ಗೋಳದ ಗೋಡೆಯೊಳಗಿನ ಬಿಗಿತ ಕೊಳವೆಯ ಗೋಡೆಯ ಬಿಗಿತದ ಅರ್ಧ. ಗೋಳಕ್ಕೆ: ಒತ್ತಡ × ತ್ರಿಜ್ಯ ÷ (2 × ದಪ್ಪ). ಕೊಳವೆಯ ಸುತ್ತಳತೆಯ ದಿಕ್ಕಿಗೆ: ಒತ್ತಡ × ತ್ರಿಜ್ಯ ÷ ದಪ್ಪ.

ಟೈಟನ್ನಿನ ಗೋಡೆ 5 ಇಂಚು, ಅಂದರೆ 127 ಮಿಲಿಮೀಟರ್ ದಪ್ಪದ ಕಾರ್ಬನ್ ಫೈಬರ್ ಕೊಳವೆ. ಒಳ ಅಡ್ಡಳತೆ ಸುಮಾರು 1.42 ಮೀಟರ್. 3,800 ಮೀಟರಿನಲ್ಲಿ ಒತ್ತಡ ಸುಮಾರು 38 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಅಂದರೆ ಸುಮಾರು ಹತ್ತು ವಾಯುಭಾರ), ಗೋಡೆಯ ನಡುತ್ರಿಜ್ಯ 0.77 ಮೀಟರ್ ಹಾಕಿ: 38 × 0.77 ÷ 0.127 = 230 ಮೆಗಾಪಾಸ್ಕಲ್. ಒಳ್ಳೆಯ ಕಾರ್ಬನ್ ಫೈಬರ್ ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ಕಾಗದದ ಮೇಲೆ. ಆದ್ದರಿಂದಲೇ "ಲೆಕ್ಕ ಸರಿಯಿದೆ, ಇಳಿಯಬಹುದು" ಅನ್ನಿಸಿಬಿಡುತ್ತದೆ. ಕಾಗದದಲ್ಲಿ ಗೋಡೆ ಒಂದೇ ತುಂಡು. ನಿಜದಲ್ಲಿ ಅಲ್ಲಿ ಪದರ, ಅಂಟು, ಸುಕ್ಕು, ಗಾಳಿಗುಳ್ಳೆ ಎಲ್ಲ ಇರುತ್ತವೆ.

ಸಣ್ಣ ನೌಕೆಗಳಿಗೆ ಕೊಳವೆ ಏಕೆ ಬೇಕಾಯಿತು ಅಂದರೆ ಜಾಗಕ್ಕೆ. ಎರಡು ಮೀಟರಿನ ಗೋಳದಲ್ಲಿ ಮೂರು ಜನ ಮೊಣಕಾಲು ಮಡಚಿ ಕೂರಬೇಕು. ಕೊಳವೆಯಲ್ಲಿ ಐದು ಜನ ಹಿಡಿಯುತ್ತಾರೆ, ಟಿಕೆಟ್ ಹೆಚ್ಚು.

ಪದರಗಟ್ಟಿ

ಹನಿಲೆಕ್ಕ ಅವರ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರು. ಕಾರ್ಬನ್ ಫೈಬರನ್ನು ದಾರ ಅಂದುಕೊಳ್ಳಿ. ಎಳೆದರೆ ದಾರಕ್ಕೆ ಶಕ್ತಿ ಇದೆ. ಹಗ್ಗವನ್ನು ಎರಡೂ ತುದಿಯಿಂದ ಒತ್ತಿದರೆ? ಬಾಗುತ್ತದೆ. ಬಾಗದಂತೆ ಹಿಡಿದು ನಿಲ್ಲಿಸುವುದು ಸುತ್ತ ಇರುವ ರಾಳ, ಅಂದರೆ ಎಪಾಕ್ಸಿ. ವಿಮಾನದ ರೆಕ್ಕೆಯಲ್ಲಿ ಎಳೆತವೂ ಒತ್ತವೂ ಎರಡೂ ಇರುತ್ತವೆ, ಗ್ಯಾಸ್ ಸಿಲಿಂಡರಿನಲ್ಲಿ ಬಹುಪಾಲು ಎಳೆತ. ನೌಕೆಯ ಗೋಡೆಯಲ್ಲಿ ಮಾತ್ರ ಬರೀ ಒತ್ತ, ಅದೂ ಗಂಟೆಗಟ್ಟಲೆ. ಅಲ್ಲಿ ಫೈಬರಿಗಿಂತ ರಾಳದ ಗುಣವೇ ನಿರ್ಣಾಯಕ.

ಟೈಟನ್ನಿನ ಎರಡನೆಯ ಗೋಡೆಯನ್ನು (ಮೊದಲನೆಯದು ಬಿರುಕು ಬಿಟ್ಟಿದ್ದರಿಂದ ಬದಲಿಸಿದ್ದರು) ಒಂದೊಂದು ಇಂಚಿನ ಐದು ಪದರಗಳಾಗಿ ಕಟ್ಟಿದರು. ಒಂದು ಪದರ ಸುತ್ತುವುದು, ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವುದು, ಮೇಲೆದ್ದ ಸುಕ್ಕುಗಳನ್ನು ಉಜ್ಜಿ ಸಪಾಟು ಮಾಡುವುದು, ಅಂಟಿನ ಹಾಳೆ ಹಾಕಿ ಮುಂದಿನ ಪದರ ಸುತ್ತುವುದು. ಈ ಉಜ್ಜುವ ಹಂತ ಗಮನಿಸಿ. ಸುಕ್ಕು ಅಂದರೆ ಅಲ್ಲಿ ದಾರ ಅಲೆಯಂತೆ ಬಾಗಿದೆ. ಮೇಲಿಂದ ಉಜ್ಜಿದರೆ ಮೇಲ್ಮೈ ನುಣುಪಾಗುತ್ತದೆ, ಬಾಗಿದ ದಾರ ನೇರವಾಗುವುದಿಲ್ಲ, ಬದಲಿಗೆ ಮಧ್ಯೆ ತುಂಡಾಗುತ್ತದೆ. ನುಣುಪು ಬಂತು, ಶಕ್ತಿ ಹೋಯಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅದೇ ಗೋಡೆಯ ಉಳಿದ ತುಂಡುಗಳನ್ನು ಪರೀಕ್ಷಿಸಿದಾಗ ಸುಕ್ಕು, ಗುಳ್ಳೆ, ಪೊಳ್ಳು ಎಲ್ಲ ಸಿಕ್ಕವು. ಸಮುದ್ರದ ತಳದಿಂದ ಎತ್ತಿದ ಚೂರುಗಳಲ್ಲಿ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿದ್ದವು.

ಪದರ ಬಿಟ್ಟರೆ ಏಕೆ ಅಷ್ಟು ಕೆಟ್ಟದ್ದು? ನೂರು ಹಾಳೆಯ ನೋಟ್‌ಬುಕ್ ಅಂಟಿಸಿಟ್ಟರೆ ಮರದ ಹಲಗೆಯಂತೆ ನಿಲ್ಲುತ್ತದೆ. ಅಂಟು ಬಿಟ್ಟ ಪುಸ್ತಕ ಕೈಯಲ್ಲಿ ಬಾಗುತ್ತದೆ. ಹಾಳೆ ಅಷ್ಟೇ, ದಪ್ಪ ಅಷ್ಟೇ. ಬಾಗುವಿಕೆಗೆ ಒಡ್ಡುವ ಬಿಗುಪು ದಪ್ಪದ ಘನಕ್ಕೆ ತಕ್ಕಂತೆ ಇರುವುದರಿಂದ 5 ಇಂಚಿನ ಒಂದು ಗೋಡೆ ಐದು ಬಿಡಿ ಗೋಡೆಗಳಾದರೆ ಉಳಿಯುವುದು ಇಪ್ಪತ್ತೈದನೆಯ ಒಂದು ಪಾಲು. ಪೂರ್ತಿ ಬಿಡಬೇಕಾಗಿಲ್ಲ, ಒಂದು ಕಡೆ ಒಂದೆರಡು ಪದರ ಸಡಿಲವಾದರೂ ಅಲ್ಲಿಂದ ಒಳಕ್ಕೆ ಮಡಚಿಕೊಳ್ಳಬಹುದು.

ಹನಿಲೆಕ್ಕ

ಅಂದರೆ ಪ್ರತಿ ಇಳಿತದಲ್ಲೂ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗಿದೆ ಎಂದಾಯಿತು. ಆದರೆ ಅದನ್ನು ಹಿಡಿಯಲೆಂದೇ ಸದ್ದು ಕೇಳುವ ಸಂವೇದಕಗಳನ್ನು ಇಟ್ಟಿದ್ದರಲ್ಲ?

ಪದರಗಟ್ಟಿ

ಇಟ್ಟಿದ್ದರು. ಅವು ಕೆಲಸವನ್ನೂ ಮಾಡಿದವು. ನನಗೆ ಅತ್ಯಂತ ಸಂಕಟ ಕೊಡುವ ಭಾಗ ಇದೇ.

2022ರ ಜುಲೈ 15, ಎಂಬತ್ತನೆಯ ಇಳಿತ. ಮೇಲಕ್ಕೆ ಬಂದಾಗ ದೊಡ್ಡ ಸದ್ದು ಕೇಳಿಸಿತು. ಹೊರಚೌಕಟ್ಟಿನಲ್ಲಿ ಗೋಡೆ ಸರಿದಿರಬೇಕು ಎಂಬ ಸಮಾಧಾನ ಹೇಳಿಕೊಂಡರು. ಆದರೆ ಗೋಡೆಗೆ ಅಂಟಿಸಿದ್ದ, ಕುಗ್ಗುವಿಕೆ ಅಳೆಯುವ ಸ್ಟ್ರೇನ್ ಗೇಜ್‌ಗಳ ಗೆರೆ ಆ ದಿನದಿಂದ ಬೇರೆಯಾಯಿತು. ಅದೇ ಆಳ, ಅದೇ ಒತ್ತಡ, ಗೋಡೆ ಕುಗ್ಗುವ ರೀತಿ ಮಾತ್ರ ಹಿಂದಿನಂತಿಲ್ಲ. ಇದೇ ಪದರ ಬಿಟ್ಟ ಗುರುತು ಎಂದು ಮಂಡಳಿ ತೀರ್ಮಾನಿಸಿತು. ಆ ಗೆರೆಯನ್ನು ಓದಿ "ಇನ್ನು ಇಳಿಯಬೇಡಿ" ಎನ್ನುವ ಕೆಲಸ ಯಾರೂ ಮಾಡಲಿಲ್ಲ. ಜೂನ್ 18ರದ್ದು ಎಂಬತ್ತೆಂಟನೆಯ ಇಳಿತ.

ಇನ್ನೊಂದು ಹೊಡೆತ: ಆ ಚಳಿಗಾಲ ನೌಕೆ ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಬಯಲಿನಲ್ಲೇ ಇತ್ತು. ಬಿರುಕಿನೊಳಗೆ ನೀರು ಉಳಿದು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಬಂಡೆಯನ್ನೇ ಸೀಳುವ ಬಲ ಅದಕ್ಕಿದೆ, ಬಿಟ್ಟುಕೊಂಡ ಪದರದ ಮಧ್ಯೆ ಕೂತರೆ ಹೇಳಬೇಕೇ.

ಲೋಹದ_ಕೆಲಸ

ಸ್ಟ್ರೇನ್ ಗೆರೆ ಓದುವುದು ಕಷ್ಟವಲ್ಲ, ಹೇಗೆಂದು ಬರೆಯುತ್ತೇನೆ. ಅಡ್ಡಕ್ಕೆ ಆಳ, ಲಂಬಕ್ಕೆ ಗೋಡೆಯ ಕುಗ್ಗುವಿಕೆ. ಆರೋಗ್ಯವಾಗಿರುವ ಗೋಡೆಯಲ್ಲಿ ಇಳಿಯುವಾಗ ಗೆರೆ ನೇರ, ಏರುವಾಗ ಅದೇ ಗೆರೆಯ ಮೇಲೆ ವಾಪಸು, ನೀರಿನ ಮೇಲೆ ಬಂದಾಗ ಸೊನ್ನೆಗೆ. ಮೂರು ಕಡೆ ಕಣ್ಣಿಡಬೇಕು. ಗೆರೆಯ ಓರೆ ಹಿಂದಿನ ಇಳಿತಕ್ಕಿಂತ ಬದಲಾಯಿತೇ? ಇಳಿದ ಗೆರೆಗೂ ಏರಿದ ಗೆರೆಗೂ ನಡುವೆ ಕುಣಿಕೆಯಂತೆ ಬಾಯಿ ಬಿಟ್ಟಿದೆಯೇ? ಸೊನ್ನೆಗೆ ಮರಳದೆ ಮೇಲೆಯೇ ನಿಂತಿತೇ? ಮೂರರಲ್ಲಿ ಒಂದು ಕಂಡರೂ ನೌಕೆ ಕ್ರೇನಿಗೆ ಏರಿ ಕಾರ್ಖಾನೆಗೆ ಹೋಗಬೇಕು. ಪಕ್ಕಪಕ್ಕದ ಎರಡು ಗೇಜ್‌ಗಳಲ್ಲಿ ಒಂದು ಹೆಚ್ಚು ಕುಗ್ಗಿ ಇನ್ನೊಂದು ಕಡಿಮೆ ಕುಗ್ಗತೊಡಗಿದರೆ ಇನ್ನೂ ಕೆಟ್ಟದ್ದು, ಭಾರ ಒಂದು ಪದರದಿಂದ ಇನ್ನೊಂದಕ್ಕೆ ವಾಲುತ್ತಿದೆ ಎಂದರ್ಥ.

ಸದ್ದಿನ ಸಂವೇದಕದ ಬಗ್ಗೆಯೂ ಒಂದು ಮಾತು. ಟೈಟಾನಿಯಂ ಅಥವಾ ಉಕ್ಕು ಒಡೆಯುವ ಮೊದಲು ಸ್ವಲ್ಪ ಬಗ್ಗುತ್ತದೆ. ಕಾರ್ಬನ್ ಫೈಬರಿನಂಥ ಕಾಂಪೋಸಿಟ್ ಬಗ್ಗುವುದಿಲ್ಲ, ಟಿಕ್ ಟಿಕ್ ಎನ್ನುತ್ತಾ ದಾರ ಒಂದೊಂದೇ ಕಡಿಯುತ್ತದೆ, ಆಮೇಲೆ ಒಮ್ಮೆಲೇ ಹೋಗುತ್ತದೆ. ನೀರಿನೊಳಗೆ ಎಚ್ಚರಿಕೆ ಕೇಳಿ ತೂಕ ಬಿಟ್ಟು ಮೇಲೇಳಲು ಗಂಟೆಗಟ್ಟಲೆ ಬೇಕು. ಕುಸಿಯಲು ಮಿಲಿಸೆಕೆಂಡು. ಆ ಯಂತ್ರ ಉಪಯೋಗಕ್ಕೆ ಬರುವುದು ಎರಡು ಇಳಿತಗಳ ನಡುವೆ, ದಡದಲ್ಲಿ ಕೂತು ಓದಿದಾಗ.

ಅಲೆಯೆಣಿಕೆ

ಮಿಲಿಸೆಕೆಂಡಿನ ಲೆಕ್ಕ ನಾನು ಕೊಡುತ್ತೇನೆ. ನೀರಿನೊಳಗಿನ ಪೊಳ್ಳು ಕುಸಿಯಲು ಹಿಡಿಯುವ ಕಾಲಕ್ಕೆ ರೇಲೀ ಸೂತ್ರವಿದೆ: 0.915 × ತ್ರಿಜ್ಯ × (ಸಾಂದ್ರತೆ ÷ ಒತ್ತಡ)ದ ವರ್ಗಮೂಲ. ತ್ರಿಜ್ಯ 0.8 ಮೀಟರ್, ಸಾಂದ್ರತೆ 1,030, ಒತ್ತಡ 34 ಮೆಗಾಪಾಸ್ಕಲ್ ಹಾಕಿದರೆ 4 ಮಿಲಿಸೆಕೆಂಡು ಬರುತ್ತದೆ. ಕೊಳವೆಗೆ ಇದು ಅಂದಾಜು ಮಾತ್ರ, ಆದರೆ ಹತ್ತು ಪಟ್ಟು ತಪ್ಪಿದರೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ನೋವಿನ ಸುದ್ದಿ ನರದಲ್ಲಿ ಹರಿದು ಮಿದುಳಿಗೆ ಅರಿವಾಗಲು ಇದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಅವರಿಗೆ ಗೊತ್ತಾಗಿರುವ ಸಾಧ್ಯತೆ ಇಲ್ಲ.

ಶಕ್ತಿ: ಒತ್ತಡ × ಒಳಗಿನ ಗಾತ್ರ. ಸುಮಾರು 5 ಘನ ಮೀಟರ್ ಹಿಡಿದರೆ 170 ಮೆಗಾಜೂಲ್, 40 ಕಿಲೋ ಟಿಎನ್‌ಟಿಗೆ ಸಮ. ಒಳಗಿದ್ದ ಗಾಳಿ ಅಷ್ಟು ಬೇಗ ಒತ್ತಿಕೊಂಡಾಗ ಲೆಕ್ಕಕ್ಕೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹಾಗಾಗಿ "ಸುಟ್ಟು ಬೂದಿಯಾದರು" ಎಂದು ಹಲವರು ಬರೆದರು. ಅದು ಸರಿಯಲ್ಲ. ಗಾಳಿಯ ತೂಕ ಐದಾರು ಕಿಲೋ, ಸುತ್ತ ಇರುವುದು ತಣ್ಣನೆಯ ಸಮುದ್ರ, ಕಾಲ ಮಿಲಿಸೆಕೆಂಡು. ಶಾಖ ದಾಟಲು ಸಮಯವೇ ಇಲ್ಲ. ಕೊಲ್ಲುವುದು ನೀರಿನ ಹೊಡೆತ.

ಕಡಲಾಳ

ಸೋರಿಕೆಯ ಪ್ರಶ್ನೆ ಉಳಿದಿದೆ. ಆ ಆಳದಲ್ಲಿ 1 ಮಿಲಿಮೀಟರ್ ತೂತಿನಿಂದ ನೀರು ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಂಟೆಗೆ 900 ಕಿಲೋಮೀಟರ್ ದಾಟಿತು. ಆದರೆ ಒಳಬರುವ ನೀರು ನಿಮಿಷಕ್ಕೆ ಏಳು ಲೀಟರ್ ಅಷ್ಟೇ. ನೌಕೆ ತುಂಬಿ ಮುಳುಗುವ ಭಯಕ್ಕಿಂತ ಮುಂಚೆ ಆ ಸೂಜಿಯಂಥ ಧಾರೆ ಕೈ ಅಡ್ಡ ಬಂದರೆ ಚರ್ಮ ಸೀಳುತ್ತದೆ, ವೈರಿಂಗಿಗೆ ಬಡಿದು ಶಾರ್ಟ್ ಮಾಡುತ್ತದೆ. ಕೈಯಿಂದ ಮುಚ್ಚುವ ಮಾತೇ ಇಲ್ಲ.

ಕೆಲಸದಲ್ಲಿ ನಿಜವಾಗಿ ಹೆಚ್ಚು ಕಾಣುವ ಸೋರಿಕೆ ಆಳದಲ್ಲಲ್ಲ, ಮೊದಲ 50 ಮೀಟರಿನಲ್ಲಿ. ಜೋಡಣೆಯ ಸಂದು ಮುಚ್ಚುವ ರಬ್ಬರ್ ಉಂಗುರ, ಓ-ರಿಂಗ್, ಹೇಗೆ ಕೆಲಸ ಮಾಡುತ್ತದೆ ನೋಡಿ: ನೀರಿನ ಒತ್ತಡವೇ ರಬ್ಬರನ್ನು ಅದು ಕೂರುವ ತೋಡಿನ ಆಚೆ ಗೋಡೆಗೆ ತಳ್ಳಿ ಒತ್ತುತ್ತದೆ. ಆಳ ಹೆಚ್ಚಿದಷ್ಟೂ ಮುಚ್ಚುವಿಕೆ ಬಿಗಿ. ಮೇಲೆ ಒತ್ತಡ ಕಡಿಮೆ ಇರುವಾಗ ಒಂದು ತಲೆಗೂದಲು ರಬ್ಬರಿನ ಮೇಲೆ ಅಡ್ಡ ಬಿದ್ದಿದ್ದರೂ ಅದರ ಪಕ್ಕದಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಸಲ ತೋಡನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಿಂದ ಸುತ್ತಲೂ ಸವರಿ ಗೀರು ಹುಡುಕಿ, ಸಿಲಿಕೋನ್ ಗ್ರೀಸ್ ಹೊಳಪು ಬರುವಷ್ಟು ಮಾತ್ರ ಹಚ್ಚಬೇಕು. ಗ್ರೀಸ್ ಹೆಚ್ಚಾದರೆ ಅದೇ ಮಣ್ಣು, ನೂಲು ಹಿಡಿದಿಡುತ್ತದೆ. ತುಂಬಾ ಆಳಕ್ಕಾದರೆ ರಬ್ಬರ್ ಸಂದಿನೊಳಗೆ ಹಿಂಡಿಕೊಂಡು ಹರಿಯದಂತೆ ಹಿಂದೆ ಗಟ್ಟಿ ಪ್ಲಾಸ್ಟಿಕ್ಕಿನ ಆಸರೆ ಉಂಗುರ ಹಾಕುತ್ತಾರೆ.

ಕಿಂಡಿಗೆ ಬಳಸುವುದು ಗಾಜಲ್ಲ, ಅಕ್ರಿಲಿಕ್. ಸಾಮಾನ್ಯವಾಗಿ ಒಳಕ್ಕೆ ಕಿರಿದಾಗುವ ಲಾಳಿಕೆಯ ಆಕಾರ, ನೀರು ಒತ್ತಿದಷ್ಟೂ ಕೂರುಗುಣಿಯಲ್ಲಿ ಭದ್ರವಾಗಿ ಕೂರುವಂತೆ. ಬಹಳ ಹೊತ್ತಿನ ಭಾರಕ್ಕೆ ಅಕ್ರಿಲಿಕ್ ಮೆಲ್ಲಗೆ ಹರಿಯುತ್ತದೆ, ಅದಕ್ಕೇ ಅದಕ್ಕೆ ಆಳದ ಜೊತೆಗೆ ಇಳಿತಗಳ ಎಣಿಕೆ, ವಯಸ್ಸು ಎರಡೂ ನಿಗದಿ. ಟೈಟನ್ನಿನ ಕಿಂಡಿಗೆ ತಯಾರಕರು ಒಪ್ಪಿಗೆ ಕೊಡಲು ಸಿದ್ಧರಿದ್ದದ್ದು 1,300 ಮೀಟರಿಗೆ ಎಂದು ಟೈಟನ್ ನಡೆಸುತ್ತಿದ್ದ ಓಶನ್‌ಗೇಟ್ ಕಂಪನಿಯ ಅಧಿಕಾರಿಯಾಗಿದ್ದ ಡೇವಿಡ್ ಲಾಕ್ರಿಡ್ಜ್ 2018ರಲ್ಲೇ ದೂರಿದ್ದರು.

ತೇಲುಬುರುಡೆ

ಟೈಟನ್ ಒಂದನ್ನೇ ನೋಡಿದರೆ ಗೋಡೆಯದೇ ತಪ್ಪು ಅನ್ನಿಸುತ್ತದೆ. ಜಲಾಂತರ್ಗಾಮಿಗಳಲ್ಲಿ ಕಥೆ ಬೇರೆ. ಅಲ್ಲಿ ಗೋಡೆ ಒಡೆಯುವುದು ಕೊನೆಯ ಕೊಂಡಿ, ಅದಕ್ಕೂ ಮುಂಚೆ ಮೇಲೇಳುವ ಶಕ್ತಿ ಹೋಗಿರುತ್ತದೆ.

1963ರ ಏಪ್ರಿಲ್ 10ರಂದು ಅಮೆರಿಕದ ಥ್ರೆಶರ್ 129 ಜನರೊಂದಿಗೆ ಹೋಯಿತು. ನೌಕಾಪಡೆ ಅಂದಾಜಿಸಿದ ಸರಣಿ ಇದು: ಬೆಳ್ಳಿ ಬೆಸುಗೆಯ ಪೈಪ್ ಜೋಡಣೆ ಬಿಟ್ಟು ನೀರು ಚಿಮ್ಮಿತು, ವಿದ್ಯುತ್ ಫಲಕಕ್ಕೆ ಬಡಿಯಿತು, ರಿಯಾಕ್ಟರ್ ನಿಂತಿತು. ಆಗ ಉಳಿದ ದಾರಿ ಒಂದೇ, ಒತ್ತಿಟ್ಟ ಗಾಳಿಯನ್ನು ಟ್ಯಾಂಕಿಗೆ ಬಿಟ್ಟು ನೀರನ್ನು ಹೊರಹಾಕಿ ಮೇಲೇಳುವುದು. ಹೆಚ್ಚಿನ ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದರೆ ತೀವ್ರವಾಗಿ ತಣಿಯುತ್ತದೆ. ಆ ಗಾಳಿಯಲ್ಲಿ ತೇವ ಇತ್ತು. ತೇವ ಗಾಳಿ ಪೈಪಿನೊಳಗಿನ ಜಾಲರಿಯ ಮೇಲೆ ಹಿಮವಾಗಿ ದಾರಿ ಕಟ್ಟಿತು. ಆಮೇಲೆ ಅದೇ ವರ್ಗದ ಟಿನೋಸಾದಲ್ಲಿ ಬಂದರಿನಲ್ಲೇ ಪರೀಕ್ಷಿಸಿದಾಗ ಸುಮಾರು ಅರ್ಧ ನಿಮಿಷದಲ್ಲಿ ಜಾಲರಿ ಕಟ್ಟಿಕೊಂಡಿತು! ಗಾಳಿ ಒಣಗಿಸುವ ಯಂತ್ರ ಇದ್ದಿದ್ದರೆ ಅಷ್ಟು ಜನ ಉಳಿಯುತ್ತಿದ್ದರೋ ಏನೋ. ಥ್ರೆಶರ್ ಹೊರಡುವ ಮುಂಚೆ ಪೈಪ್ ಜೋಡಣೆಗಳಲ್ಲಿ 145ನ್ನು ಅಲ್ಟ್ರಾಸೌಂಡ್‌ನಿಂದ ನೋಡಿದ್ದರು, ಶೇಕಡಾ 14 ಮಟ್ಟಕ್ಕೆ ಬರಲಿಲ್ಲ. ಒಟ್ಟು ಜೋಡಣೆಗಳು ಸುಮಾರು 3,000. ಉಳಿದವನ್ನು ನೋಡದೆಯೇ ಸಮುದ್ರಕ್ಕೆ ಬಿಟ್ಟರು. ಇದರಿಂದ ಹುಟ್ಟಿದ್ದೇ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿ ಸುರಕ್ಷತೆಯ ಸಬ್‌ಸೇಫ್ ನಿಯಮಾವಳಿ.

2017ರ ಅರ್ಜೆಂಟೀನಾದ ಸಾನ್ ಹುವಾನ್ (44 ಜನ, 907 ಮೀಟರಿನಲ್ಲಿ ಸಿಕ್ಕಿತು) ಸಹ ಹೀಗೇ: ಗಾಳಿಕೊಳವೆಯಿಂದ ಬಂದ ನೀರು ಬ್ಯಾಟರಿಗೆ ತಗುಲಿ ಶಾರ್ಟ್ ಆದ ಸುದ್ದಿಯನ್ನು ಅವರೇ ದಡಕ್ಕೆ ತಿಳಿಸಿದ್ದರು. 2021ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ನಂಗಲಾ 53 ಜನರೊಂದಿಗೆ ಬಾಲಿಯ ಉತ್ತರಕ್ಕೆ 838 ಮೀಟರಿನಲ್ಲಿ ಮೂರು ತುಂಡಾಗಿ ಸಿಕ್ಕಿತು.

ಅಲೆಯೆಣಿಕೆ

ಇನ್ನೊಂದು ಅಪಾಯವನ್ನು ಯಾರೂ ಹೇಳಿಲ್ಲ: ಒಂದು ಒಡೆದರೆ ಪಕ್ಕದ್ದೂ ಒಡೆಯುವುದು. 2001ರ ನವೆಂಬರ್ 12ರಂದು ಜಪಾನಿನ ಸೂಪರ್-ಕಾಮಿಯೋಕಾಂಡೆಯಲ್ಲಿ, ಅಂದರೆ ನ್ಯೂಟ್ರಿನೊ ಎಂಬ ಸೂಕ್ಷ್ಮಕಣಗಳನ್ನು ಹಿಡಿಯುವ ಕೇಂದ್ರದಲ್ಲಿ, ನೀರಿನೊಳಗಿದ್ದ ಅರ್ಧ ಮೀಟರ್ ಅಡ್ಡಳತೆಯ ಒಂದು ಪೊಳ್ಳು ಗಾಜಿನ ನಳಿಕೆ ಒಡೆಯಿತು. ಅದರ ಆಘಾತದ ಅಲೆ ಪಕ್ಕದ್ದನ್ನು ಒಡೆಯಿತು, ಅದು ಇನ್ನೊಂದನ್ನು. 11,000ಕ್ಕೂ ಹೆಚ್ಚು ನಳಿಕೆಗಳಲ್ಲಿ ಸುಮಾರು 7,000 ಪುಡಿಯಾದವು. ನೀರಿನ ಆಳ ಬರೀ ಕೆಲವು ಹತ್ತು ಮೀಟರ್! ಆಮೇಲೆ ಪ್ರತಿ ನಳಿಕೆಗೂ ಅಕ್ರಿಲಿಕ್ ಮತ್ತು ಫೈಬರ್‌ಗ್ಲಾಸಿನ ಕವಚ ಹಾಕಿದರು. ಒಡೆದರೂ ನೀರು ನಿಧಾನ ನುಗ್ಗಿ ಅಲೆ ಏಳದಿರಲೆಂದು.

2014ರ ಮೇ 10ರಂದು ಮಾನವರಹಿತ ನೌಕೆ ನೆರೆಯಸ್ ಪೆಸಿಫಿಕ್‌ನ ಕೆರ್ಮಡೆಕ್ ಕಂದರದಲ್ಲಿ 9,900 ಮೀಟರಿನಲ್ಲಿ ಹೋದದ್ದೂ ಬಹುಶಃ ತೇಲಿಸಲು ಇಟ್ಟ ಸೆರಾಮಿಕ್ ಗೋಳವೊಂದು ಒಡೆದು. ಆದ್ದರಿಂದ ಜನ ಕೂರುವ ಗೋಳದ ಸುತ್ತ ಪೊಳ್ಳು ಗಾಜುಗುಂಡು, ಗಾಳಿ ತುಂಬಿದ ಪೆಟ್ಟಿಗೆ ಇಡುವ ಮುಂಚೆ ನೂರು ಸಲ ಯೋಚಿಸಬೇಕು. ಮೋಟಾರು, ಸ್ವಿಚ್ ಪೆಟ್ಟಿಗೆಗಳಿಗೆ ಎಣ್ಣೆ ತುಂಬಿ, ಹೊರಗಿನ ಒತ್ತಡ ರಬ್ಬರ್ ಚೀಲದ ಮೂಲಕ ಒಳಗೂ ಬರುವಂತೆ ಮಾಡಿದರೆ ಅಲ್ಲಿ ಕುಸಿಯಲು ಪೊಳ್ಳೇ ಇರುವುದಿಲ್ಲ.

ಹನಿಲೆಕ್ಕ

ಹಾಗಾದರೆ ಭಾರತ ಕಟ್ಟುತ್ತಿರುವ ನಮ್ಮ ಆಳಸಮುದ್ರ ನೌಕೆ ಮತ್ಸ್ಯ 6000 ಹೇಗಿದೆ? ಅದು ಟೈಟನ್ನಿಗಿಂತ 2,000 ಮೀಟರ್ ಇನ್ನೂ ಕೆಳಗೆ ಹೋಗಬೇಕಲ್ಲ.

ಲೋಹದ_ಕೆಲಸ

ದಾರಿಯೇ ಬೇರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಆರಿಸಿಕೊಂಡದ್ದು ಟೈಟಾನಿಯಂ ಮಿಶ್ರಲೋಹದ ಗೋಳ, ಒಳ ಅಡ್ಡಳತೆ 2.1 ಮೀಟರ್, ದಪ್ಪ 80 ಮಿಲಿಮೀಟರ್, ಮೂರು ಜನ. 6,000 ಮೀಟರಿನಲ್ಲಿ ಒತ್ತಡ ಸುಮಾರು 60 ಮೆಗಾಪಾಸ್ಕಲ್. 60 × 1.09 ÷ 0.16 = ಸುಮಾರು 410 ಮೆಗಾಪಾಸ್ಕಲ್. ಆ ಲೋಹ ಬಗ್ಗಲು ಶುರುವಾಗುವುದು 800ರ ಆಚೆ. ಕೈಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಉಳಿಯಿತು. ಗೋಳ ಸೊಟ್ಟವಾದರೆ ಈ ಲೆಕ್ಕ ಕೆಡುತ್ತದೆ, ಅದಕ್ಕೇ ದುಂಡಗಿನ ಅಳತೆಗೆ ಅಷ್ಟು ಜೀವ ತೇಯುತ್ತಾರೆ.

ಕಷ್ಟ ಇರುವುದು ಎರಡು ಅರ್ಧಗೋಳ ಕೂಡಿಸುವ ಬೆಸುಗೆಯಲ್ಲಿ. ಬಿಸಿ ಟೈಟಾನಿಯಂ ಗಾಳಿಯ ಆಮ್ಲಜನಕ ಹೀರಿ ಬಿಸ್ಕತ್ತಿನಂತೆ ಪೆಡಸಾಗುತ್ತದೆ. ಜಡ ಅನಿಲದ ಮರೆಯಲ್ಲಿ ಮಾಡುವ ಸಾಮಾನ್ಯ ಟಿಗ್ ಬೆಸುಗೆಯಲ್ಲಿ ಬಣ್ಣ ನೋಡಿಯೇ ಹೇಳಬಹುದು: ಬೆಳ್ಳಿಯಂತೆ ಹೊಳೆದರೆ ಒಳ್ಳೆಯದು, ತಿಳಿ ಹುಲ್ಲಿನ ಬಣ್ಣ ನಡೆಯುತ್ತದೆ, ನೀಲಿ ಬಂದರೆ ಅನುಮಾನ, ಬೂದಿ ಬಿಳುಪಾದರೆ ಕತ್ತರಿಸಿ ತೆಗೆಯಬೇಕು. 80 ಮಿಲಿಮೀಟರಿಗೆ ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದ ಬೆಸುಗೆಯನ್ನೇ ಆರಿಸಿಕೊಂಡರು, ಅದಕ್ಕೆ ಇಸ್ರೋದ ಕೈ ಹಿಡಿದರು. ಆ ಗೋಳಕ್ಕೆ ಮುಂಚೆ 2021ರಲ್ಲಿ ಮೈಲ್ಡ್ ಸ್ಟೀಲಿನ ಗೋಳವನ್ನು 600 ಮೀಟರಿಗೆ ಇಳಿಸಿ ನೋಡಿದ್ದರು. 2025ರ ಆಗಸ್ಟಿನಲ್ಲಿ ನಮ್ಮ ಇಬ್ಬರು ಫ್ರಾನ್ಸಿನ ನಾಟೀಲ್ ನೌಕೆಯಲ್ಲಿ 4,025 ಮತ್ತು 5,002 ಮೀಟರ್ ಇಳಿದು ಬಂದರು. ಈ ನಿಧಾನವೇ ನನಗೆ ಧೈರ್ಯ ಕೊಡುವುದು. ದಿನಾಂಕ ಮುಂದೆ ಹೋಯಿತೆಂದು ಯಾರೂ ಬೇಸರಿಸಬಾರದು.

ಹನಿಲೆಕ್ಕ

ಎಲ್ಲರಿಗೂ ವಂದನೆ. ಕೊನೆಯದು: ಮೇಲಿದ್ದ ಹಡಗಿನವರಿಗೆ ಆ ಕ್ಷಣ ಗೊತ್ತಾಗಲಿಲ್ಲವೇ?

ಕಡಲಾಳ

ಪೋಲಾರ್ ಪ್ರಿನ್ಸ್ ಹಡಗಿನಲ್ಲಿ ಸದ್ದು ಕೇಳಿಸಿತ್ತು. ನೀರಿನಲ್ಲಿ ಸದ್ದು ಸೆಕೆಂಡಿಗೆ 1,500 ಮೀಟರ್ ಹೋಗುತ್ತದೆ, 3,346 ಮೀಟರಿಗೆ ಎರಡು ಸೆಕೆಂಡು ಚಿಲ್ಲರೆ. ಆದರೆ ಒಡೆಯುವ ಕೆಲವೇ ಸೆಕೆಂಡು ಮೊದಲು ಟೈಟನ್ನಿನಿಂದ "ಎರಡು ತೂಕ ಬಿಟ್ಟೆವು" ಎಂಬ ಸಂದೇಶ ಹೊರಟಿತ್ತು. ಅಕ್ಷರ ಸಂದೇಶವನ್ನು ಸದ್ದಿನ ಮೂಲಕ ಕಳಿಸಿ ಪಡೆಯುವ ಮೋಡೆಮ್ ಬಿಡಿಸಿ ಪರದೆಗೆ ತರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಾಗಾಗಿ ಸದ್ದು ಮೊದಲು ಬಂತು, ಸಂದೇಶ ಆಮೇಲೆ. ಸದ್ದಾದ ಮೇಲೂ ಮಾತಾಡುತ್ತಿದ್ದಾರೆ, ಕ್ಷೇಮವಾಗಿದ್ದಾರೆ ಅಂದುಕೊಂಡರು. 96 ಗಂಟೆಯ ಆಮ್ಲಜನಕದ ಎಣಿಕೆ ಜಗತ್ತಿನಾದ್ಯಂತ ನಡೆಯಿತು, ಜೂನ್ 22ರಂದು ಟೈಟಾನಿಕ್‌ನ ಮುಂಭಾಗದಿಂದ ಸುಮಾರು 500 ಮೀಟರ್ ದೂರದಲ್ಲಿ ಚೂರುಗಳು ಸಿಕ್ಕವು.

ಇಂಥ ಇಳಿತ ನಡೆಸುವವರು ಒಂದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಮಾತಿನ ಸಂಪರ್ಕ ಒಂದೇ ಹೋದರೆ ಅದು ಮೋಡೆಮ್ ಕೆಟ್ಟದ್ದಿರಬಹುದು. ಜಾಗ ತಿಳಿಸುವ ಟ್ರಾನ್ಸ್‌ಪಾಂಡರೂ ಅದೇ ಕ್ಷಣಕ್ಕೆ ಮೌನವಾದರೆ, ಆಗಲೇ ನೀರಿನೊಳಗಿಂದ ಸದ್ದೂ ಬಂದರೆ, ಕೆಟ್ಟದ್ದು ಮೋಡೆಮ್ ಅಲ್ಲ, ಗೋಡೆ. ಹಡಗಿನ ಕೆಳಗೆ ಒಂದು ಹೈಡ್ರೋಫೋನ್ (ನೀರಿನೊಳಗಿನ ಮೈಕ್) ಇಳಿಬಿಟ್ಟು, ಗಡಿಯಾರ ಕೂಡಿಸಿದ ರೆಕಾರ್ಡರನ್ನು ಇಳಿತದ ಮೊದಲ ನಿಮಿಷದಿಂದ ಓಡಿಸಿಟ್ಟರೆ ಸದ್ದು ಯಾವುದರ ಮುಂಚೆ, ಯಾವುದರ ನಂತರ ಎಂಬುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.